ಗಿಟಾರ್‌ಗೆ ಎಷ್ಟು ಜಾಗ ಬೇಕು?

ಮನೆಯಲ್ಲಿ ಅಷ್ಟು ಚೆನ್ನಾಗಿ ಕೇಳುವ ಗಿಟಾರ್ ವೇದಿಕೆ ಹತ್ತಿದ ಕೂಡಲೇ ಎಲ್ಲಿ ಹೋಗುತ್ತದೆ? ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಯಾರನ್ನೇ ಕೇಳಿ, ಈ ಪ್ರಶ್ನೆ ಅವರ ತಲೆ ತಿಂದೇ ಇರುತ್ತದೆ. ರಾತ್ರಿ ಊಟ ಆದ ಮೇಲೆ ಬಾಗಿಲು ಹಾಕಿಕೊಂಡು, ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ ಸಣ್ಣಗೆ ಇಟ್ಟು, ಬೇಸ್ ಅಂದರೆ ಕೆಳಸ್ವರ ಸ್ವಲ್ಪ ಏರಿಸಿ, ಗುಂಗು ಕೊಡುವ ರಿವರ್ಬ್ ಸ್ವಲ್ಪ ಸೇರಿಸಿ, ಹಲವು ಸ್ವರ ಒಟ್ಟಿಗೆ ಸೇರಿದ ಒಂದು ಕಾರ್ಡ್ ಬಾರಿಸಿದರೆ ಕೋಣೆ ತುಂಬುತ್ತದೆ. ಮಾರನೇ ದಿನ ಅದೇ ಗಿಟಾರ್, ಅದೇ ಆಂಪ್, ಅದೇ ಸೆಟಿಂಗ್ ತಗೊಂಡು ಗಣಪತಿ ಪೆಂಡಾಲಿನಲ್ಲಿ ನಿಲ್ಲುತ್ತೇನೆ. ಪಕ್ಕದಲ್ಲಿ ಕೀಬೋರ್ಡ್, ಬೇಸ್ ಗಿಟಾರ್, ರಿದಂ ಪ್ಯಾಡ್, ಡೋಲಕ್, ತಬಲ, ಮುಂದೆ ಇಬ್ಬರು ಗಾಯಕರು. ನನ್ನ ಕೈ ಆಡುತ್ತಿರುವುದು ಕಾಣುತ್ತದೆ, ಸದ್ದು ಕೇಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಗದ್ದಲ ಜಾಸ್ತಿ ಆಗುತ್ತದೆ, ಗಿಟಾರ್ ಜಾಸ್ತಿ ಆಗುವುದಿಲ್ಲ.

ನನ್ನ ಹತ್ತಿರ ಈಗ ಮೂರು ಗಿಟಾರ್ ಇವೆ. ಒಂದು ಸ್ಕ್ವೈಯರ್ ಟೆಲಿಕಾಸ್ಟರ್, ಒಂದು ಯಮಹಾ ಎಲೆಕ್ಟ್ರೋ ಅಕೌಸ್ಟಿಕ್, ಒಂದು ಲೆಸ್ ಪಾಲ್ ಮಾದರಿಯದ್ದು. ಆಂಪ್ ಒಂದೇ, ಬಾಸ್ ಕಂಪನಿಯ ಕಟಾನಾ 50. ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಡಲ್‌ಗಳು ನಾಲ್ಕು. ಇವುಗಳಲ್ಲಿ ಯಾವುದು ಪ್ರತಿ ಪ್ರೋಗ್ರಾಂಗೂ ನನ್ನ ಜೊತೆ ಬರುತ್ತದೆ, ಯಾವುದು ಮನೆಯಲ್ಲೇ ಉಳಿಯುತ್ತದೆ ಅನ್ನುವುದನ್ನು ತೀರ್ಮಾನಿಸಿದ್ದು ಆ ಒಂದೇ ಪ್ರಶ್ನೆ. ಒಂಟಿಯಾಗಿ ನುಡಿಸಿದಾಗ ಎಷ್ಟು ಚೆಂದ ಅನ್ನುವುದನ್ನು ನಾನೀಗ ನೋಡುವುದೇ ಇಲ್ಲ. ಉಳಿದವರು ನುಡಿಸುತ್ತಿರುವಾಗ ಇದು ಎಲ್ಲಿ ಕೂರುತ್ತದೆ, ಹಾಡುವವರಿಗೆ ಜಾಗ ಬಿಡುತ್ತದಾ, ಅಷ್ಟೇ ನೋಡುತ್ತೇನೆ.

"ಬೇಸ್ ಪೂರ್ತಿ ತೆಗೀರಿ"

ಇದನ್ನು ನನಗೆ ತೋರಿಸಿಕೊಟ್ಟವರು ತಿಪಟೂರು ಕಡೆಯ ಒಬ್ಬ ಮೈಕ್‌ಸೆಟ್ಟಿನವರು. ಗಣೇಶೋತ್ಸವದ ಕಾರ್ಯಕ್ರಮ. ಸಂಜೆ ಸೌಂಡ್ ಚೆಕ್ ನಡೀತಾ ಇತ್ತು. ಎರಡು ಹಾಡು ಆದ ಮೇಲೆ ಅವರು ಮಿಕ್ಸರ್ ಬಿಟ್ಟು ಎದ್ದು, ಹೆಗಲ ಮೇಲಿನ ಟವಲ್ ಸರಿ ಮಾಡಿಕೊಳ್ಳುತ್ತಾ ನೇರ ವೇದಿಕೆ ಮೇಲೆ ಬಂದರು. ನನ್ನ ಆಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಅಣ್ಣಾ, ಕೆಳಗಡೆ ಬೇಸ್‌ನೋರು ಇದಾರೆ, ಡೋಲಕ್ ಇದೆ, ಕೀಬೋರ್ಡ್‌ನೋರ ಎಡಗೈ ಇದೆ. ಅಲ್ಲಿಗೆ ನೀವೂ ಬಂದ್ರೆ ಯಾರೂ ಕೇಳಲ್ಲ. ಬೇಸ್ ಪೂರ್ತಿ ತೆಗೀರಿ" ಅಂದರು. ನಾನು ಕೈ ಹಾಕುವ ಮೊದಲೇ ಬೇಸ್ ಗುಂಡಿಯನ್ನು ಗಡಿಯಾರದ ಮುಳ್ಳಿನ ಹಾಗೆ ಎಂಟು ಗಂಟೆ ಕಡೆಗೆ ಇಳಿಸಿ, ನಡುಸ್ವರದ ಮಿಡ್ಲನ್ನು ಎರಡು ಗಂಟೆಗೆ ತಂದು ನಿಲ್ಲಿಸಿದರು. ರಿವರ್ಬ್ ಸೊನ್ನೆ. "ಈಗ ಬಾರ್ಸಿ." ಬಾರಿಸಿದೆ. ತೆಳ್ಳಗೆ, ಒರಟಾಗಿ, ಮೂಗಿನಲ್ಲೇ ಬಂದ ಸದ್ದು. ಮನೆಯಲ್ಲಾಗಿದ್ದರೆ ಐದು ನಿಮಿಷ ತಡೆದುಕೊಳ್ಳುತ್ತಿರಲಿಲ್ಲ. ಅವರು ತಲೆ ಆಡಿಸಿ ಇಳಿದು ಹೋದರು. ನಂತರ ಎಲ್ಲರೂ ಸೇರಿ ಹಾಡು ಎತ್ತಿಕೊಂಡಾಗ ನನ್ನ ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳಿತು. ಅಷ್ಟೂ ಜನರ ನಡುವೆ ನನಗೆ ಅಂತಲೇ ಒಂದು ಜಾಗ ಇತ್ತು. ಕಾರ್ಯಕ್ರಮ ಮುಗಿದು ಸಾಮಾನು ಟಿಟಿಗೆ ತುಂಬುವಾಗ, ಇಡೀ ಹೊತ್ತು ಹಿಂದೆ ಬೋಂಡಾ ಅಂಗಡಿ ಹತ್ತಿರ ನಿಂತಿದ್ದ ನಮ್ಮ ಡ್ರೈವರ್ ಹೇಳಿದ: "ಇವತ್ತು ಗಿಟಾರ್ ಕೇಳಿಸ್ತು ಸಾರ್."

ಯಾಕೆ ಹೀಗೆ ಅನ್ನುವುದಕ್ಕೆ ಲೆಕ್ಕ ಇದೆ. ಗಿಟಾರಿನ ದಪ್ಪ ತಂತಿ ಬಿಟ್ಟು ಮೀಟಿದರೆ ಸುಮಾರು 82 ಹರ್ಟ್ಸ್, ಅಂದರೆ ಸೆಕೆಂಡಿಗೆ 82 ಸಲ ಅಲುಗಾಟ. ಬೇಸ್ ಗಿಟಾರಿನ ದಪ್ಪ ತಂತಿ 41. ಅದರ ಮೇಲಿನ ಸ್ವರಗಳು, ಡೋಲಕ್ಕಿನ ಎಡಗಡೆ, ಕಿಕ್ ಡ್ರಮ್ಮಿನ ಪ್ಯಾಡ್, ಗಂಡುದನಿಯ ಕೆಳಸ್ವರ ಎಲ್ಲ ಸೇರಿ 80ರಿಂದ 250 ಹರ್ಟ್ಸ್ ಒಳಗೆ ಆಗಲೇ ನೂಕುನುಗ್ಗಲು. ಗಿಟಾರನ್ನು ಗಿಟಾರ್ ಅಂತ ಗುರುತಿಸುವ ಸದ್ದು ಅದಕ್ಕಿಂತ ಮೇಲೆ, ಐನೂರರಿಂದ ಮೂರು ಸಾವಿರದ ತನಕ ಇದೆ. ಅಲ್ಲೂ ಗಾಯಕರ ಮಾತು ಇರುತ್ತದೆ, ಅದರ ವಿಚಾರ ಆಮೇಲೆ ಹೇಳುತ್ತೇನೆ. ಮನೆಯಲ್ಲಿ ಬೇಸ್ ಬೇಕು ಅನ್ನಿಸುವುದಕ್ಕೆ ಇನ್ನೊಂದು ಕಾರಣ ನಮ್ಮ ಕಿವಿಯಲ್ಲೇ ಇದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸದ್ದು ಸಣ್ಣಗಿದ್ದಾಗ ಕಿವಿಗೆ ಕೆಳಗಿನ ಸ್ವರಗಳು ಸರಿಯಾಗಿ ಕೇಳುವುದಿಲ್ಲ. ಸದ್ದು ಏರಿದ ಹಾಗೆ ಅವು ತಾವಾಗಿಯೇ ತುಂಬಿಕೊಳ್ಳುತ್ತವೆ. ಅಂದರೆ ರಾತ್ರಿ ಸಣ್ಣ ಸದ್ದಿನಲ್ಲಿ ಹದ ಮಾಡಿದ ಸೆಟಿಂಗ್ ಪೆಂಡಾಲಿನ ಸದ್ದಿಗೆ ಹೋದಾಗ ಬೇಸ್ ಉಬ್ಬಿಯೇ ಉಬ್ಬುತ್ತದೆ. ನನ್ನ ಆಂಪಿನಲ್ಲಿ 50 ವಾಟ್, 25 ವಾಟ್, ಅರ್ಧ ವಾಟ್ ಅಂತ ಮೂರು ಹಂತ ಇದೆ. ಅರ್ಧ ವಾಟ್ ಅಭ್ಯಾಸಕ್ಕೆ ಬಹಳ ಒಳ್ಳೆಯದು. ಆದರೆ ವೇದಿಕೆಗೆ ಬೇಕಾದ ಸದ್ದನ್ನು ಅದರಲ್ಲಿ ಹುಡುಕಲು ಆಗುವುದಿಲ್ಲ. ಈಗ ನಾನು ಹೊಸ ಸೆಟಿಂಗ್ ಮಾಡುವುದು ತಂಡದ ರಿಹರ್ಸಲ್‌ನಲ್ಲಿ, ಎಲ್ಲರೂ ನುಡಿಸುತ್ತಿರುವಾಗ ಮಾತ್ರ.

ನುಡಿಸುವ ಕೈಯೂ ಇದರಿಂದ ಬದಲಾಯಿತು. ಆರೂ ತಂತಿ ಒತ್ತಿ ಹಿಡಿಯುವ ಬಾರ್ ಕಾರ್ಡ್ ಈಗ ಅಪರೂಪ. ಸಣ್ಣ ಮೂರು ತಂತಿಯ ಮೇಲೆ ಮೂರೇ ಸ್ವರ. ಉಳಿದದ್ದು ಬೇಸ್‌ನವರು, ಕೀಬೋರ್ಡ್‌ನವರು ನೋಡಿಕೊಳ್ಳುತ್ತಾರೆ, ಅದು ಅವರ ಕೆಲಸ.

ರೇಡಿಯೊ ರಿಪೇರಿಯವರು ಮಾಡಿದ ಗಿಟಾರ್

ಟೆಲಿಕಾಸ್ಟರ್ ನನ್ನ ಕೈಗೆ ಅಂಟಿಕೊಂಡದ್ದು ಆ ತಿಪಟೂರಿನ ಪಾಠದ ನಂತರ. ಇದರ ಸದ್ದೇ ಮೊದಲಿನಿಂದ ತೆಳು, ಚೂಪು. 1950ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್, ತಂತಿಯ ಅಲುಗಾಟ ಹಿಡಿಯುವ ಪಿಕಪ್ ಎರಡಿರುವ ಈ ಗಿಟಾರನ್ನು ಬ್ರಾಡ್‌ಕಾಸ್ಟರ್ ಅನ್ನುವ ಹೆಸರಲ್ಲಿ ಮಾರಲು ಶುರು ಮಾಡಿದರು. ಗ್ರೆಚ್ ಕಂಪನಿಯ ಡ್ರಮ್ಮಿಗೆ ಆಗಲೇ ಅಂಥದ್ದೇ ಹೆಸರಿತ್ತು. ಹಾಗಾಗಿ 1951ರಲ್ಲಿ ಹೆಸರು ಟೆಲಿಕಾಸ್ಟರ್ ಆಯಿತು. ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರದ್ದು ರೇಡಿಯೊ ರಿಪೇರಿ ಅಂಗಡಿ. ಅದು ಈ ಗಿಟಾರಿನ ಪ್ರತಿ ಭಾಗದಲ್ಲೂ ಕಾಣುತ್ತದೆ. ಕತ್ತನ್ನು ಅಂಟಿಸಿಲ್ಲ, ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಎರಡು ಸ್ಕ್ರೂ ಬಿಚ್ಚಿದರೆ ವಾಲ್ಯೂಮ್, ಟೋನ್, ಸ್ವಿಚ್ ಇರುವ ತಗಡಿನ ಪಟ್ಟಿ ಪೂರ್ತಿ ಕೈಗೆ ಬರುತ್ತದೆ. ಚನ್ನರಾಯಪಟ್ಟಣದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಜ್ಯಾಕ್ ವೈರ್ ಬಿಟ್ಟುಕೊಂಡಾಗ, ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಬೆಸುಗೆ ಹಾಕಿ ಕೊಟ್ಟ. ಅವನು ಅದುವರೆಗೆ ಗಿಟಾರ್ ಬಿಚ್ಚಿಯೇ ಇರಲಿಲ್ಲ. ಊರೂರು ಸುತ್ತುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇಕಾ?

ಇದರ ತೊಂದರೆ ಗುಂಯ್ ಅನ್ನುವ ಸದ್ದು. ಒಂದೇ ಸುರುಳಿಯ ಪಿಕಪ್ ತಂತಿಯ ಅಲುಗಾಟವನ್ನು ಹಿಡಿಯುವ ಹಾಗೆಯೇ ಸುತ್ತಲಿನ 50 ಹರ್ಟ್ಸ್ ಕರೆಂಟನ್ನೂ ಹಿಡಿಯುತ್ತದೆ. ಮದುವೆ ರಿಸೆಪ್ಷನ್‌ನಲ್ಲಿ ವೇದಿಕೆ ತುಂಬ ಸೀರಿಯಲ್ ಸೆಟ್, ಡಿಮ್ಮರ್ ಹಾಕಿದ ದೀಪ. ಗಾಯಕರು ಆಲಾಪ ಎತ್ತಿದಾಗ, ಎಲ್ಲ ನಿಶ್ಶಬ್ದ ಆದ ಕ್ಷಣದಲ್ಲಿ, ಗಿಟಾರ್ ತನ್ನ ಪಾಡಿಗೆ ಗುಂಯ್‌ಗುಡುತ್ತಿರುತ್ತದೆ. ನನ್ನ ಟೆಲಿಯಲ್ಲಿ ಎರಡು ಪಿಕಪ್ಪುಗಳನ್ನು ಒಂದಕ್ಕೊಂದು ಉಲ್ಟಾ ಸುತ್ತಿದ್ದಾರೆ. ಸ್ವಿಚ್ ನಡುವೆ ಇಟ್ಟರೆ ಎರಡರ ಗುಂಯ್ ಒಂದನ್ನೊಂದು ಕಳೆದುಹಾಕುತ್ತದೆ. ಹಾಗಾಗಿ ಆಲಾಪ, ಪಲ್ಲವಿ ಎಲ್ಲ ನಡುವಿನ ಸ್ವಿಚ್ಚಿನಲ್ಲಿ. ಬಿಜಿಎಂ ಬಂದಾಗ ಮಾತ್ರ ಕುದುರೆ ಕಡೆಯ, ಅಂದರೆ ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿಯ ಕಡೆಯ ಪಿಕಪ್. ಹಾಗೆ ಎರಡು ಸುರುಳಿಯನ್ನು ಉಲ್ಟಾ ಜೋಡಿಸಿ ಒಂದೇ ಪಿಕಪ್ ಮಾಡಿದ್ದು ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್. ಅದು 1957ರಿಂದ ಲೆಸ್ ಪಾಲ್ ಗಿಟಾರುಗಳಲ್ಲಿ ಬಂತು, ಹಂಬಕರ್ ಅಂತ ಎಲ್ಲರೂ ಕರೆಯುತ್ತಾರೆ. ಗುಂಯ್ ಹೋಗುತ್ತದೆ, ಜೊತೆಗೆ ಸದ್ದೂ ದಪ್ಪ ಆಗುತ್ತದೆ. ಕೀಬೋರ್ಡ್ ತುಂಬಿಕೊಂಡ ನಮ್ಮ ತಂಡದಲ್ಲಿ ಆ ದಪ್ಪಕ್ಕೆ ಕೂರಲು ಜಾಗ ಸಿಗುವುದಿಲ್ಲ.

ಮರದ ವಿಷಯ ಒಂದು ಹೇಳಬೇಕು. ಒಳ್ಳೆ ಗಿಟಾರಿನ ಫ್ರೆಟ್‌ಬೋರ್ಡ್, ಕತ್ತಿನ ಮೇಲೆ ಬೆರಳು ಒತ್ತುವ ಪಟ್ಟಿ, ಅಂದರೆ ರೋಸ್‌ವುಡ್ ಅನ್ನುವುದು ಬಹಳ ಕಾಲದ ರೂಢಿ. ಅದು ನಮ್ಮ ಬೀಟೆ ಮರ. ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟ ಆದ ಮೇಲೆ, 1960ರ ದಶಕದ ಕೊನೆಯಿಂದ ದೊಡ್ಡ ದೊಡ್ಡ ಗಿಟಾರ್ ಕಂಪನಿಗಳು ಭಾರತದ ಬೀಟೆಗೆ ತಿರುಗಿದವು. 2017ರ ಜನವರಿಯಲ್ಲಿ ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪ್ರಕಾರ ಆ ಕುಲದ ಎಲ್ಲ ಮರಗಳನ್ನು ದೇಶದಿಂದ ದೇಶಕ್ಕೆ ಸಾಗಿಸಲೂ ಕಾಗದಪತ್ರ ಬೇಕಾಯಿತು. ತಯಾರಾದ ವಾದ್ಯಗಳಿಗೆ 2019ರ ಕೊನೆಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಕಡಿಮೆ ಬೆಲೆಯ ಗಿಟಾರುಗಳು ಬೇರೆ ಮರ ಹಿಡಿದಿದ್ದವು. ನನ್ನ ಸ್ಕ್ವೈಯರ್‌ನ ಫ್ರೆಟ್‌ಬೋರ್ಡ್ ಇಂಡಿಯನ್ ಲಾರೆಲ್. ಅದು ಏನು ಅಂತ ಹುಡುಕಿದಾಗ ಗೊತ್ತಾಯಿತು, ಅದು ನಮ್ಮ ಮತ್ತಿ. ಮಲೆನಾಡಿನ ಯಾವ ಕಾಡಿಗೆ ಹೋದರೂ ಕಾಣುವ, ಬಿರುಕು ಬಿಟ್ಟ ದಪ್ಪ ತೊಗಟೆಯ ಮತ್ತಿ ಮರ. ನನ್ನ ಅಜ್ಜಿ ಮನೆಯ ತೊಲೆಗಳೂ ಮತ್ತಿಯವೇ. ಸಾಗರದ ಕಡೆ ಮಳೆಗಾಲದಲ್ಲಿ ನುಡಿಸುವಾಗ ಕತ್ತು ಸ್ವಲ್ಪ ಬಾಗುತ್ತದೆ, ತಂತಿ ಮೇಲೇಳುತ್ತದೆ. ಅಲೆನ್ ಕೀ ಹಾಕಿ, ಕತ್ತಿನೊಳಗಿನ ಲೋಹದ ಸರಳು ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿದರೆ ಸರಿ ಹೋಗುತ್ತದೆ. ಆ ಕೆಲಸ ಮಾಡುವಾಗಲೆಲ್ಲ ಆ ಮರದ ಮೇಲೆ ಒಂದು ಪ್ರೀತಿ ಬಂದೇ ಬರುತ್ತದೆ.

ಕಾಲ ಕೆಳಗಿನ ನಾಲ್ಕು ಡಬ್ಬಿ

ಪೆಡಲ್‌ಗಳ ಬಗ್ಗೆ ಮಾತಾಡಲು ಕೂತರೆ ರಾತ್ರಿ ಸಾಲುವುದಿಲ್ಲ. ನನ್ನ ಬೋರ್ಡಿನಲ್ಲಿ ಇರುವುದು ಟ್ಯೂನರ್, ಟ್ಯೂಬ್ ಸ್ಕ್ರೀಮರ್, ಕೋರಸ್, ಡಿಲೇ, ಅದೇ ಸಾಲಿನಲ್ಲಿ. ಟ್ಯೂನರ್ ಒತ್ತಿದರೆ ಸದ್ದು ನಿಲ್ಲುತ್ತದೆ, ಅದೇ ಅದರ ದೊಡ್ಡ ಉಪಕಾರ. ನಿರೂಪಕರು ಮಾತಾಡುವಾಗ ಶ್ರುತಿ ಮಾಡಿಕೊಳ್ಳುವ ಟಿಣ್ ಟಿಣ್ ಜನರಿಗೆ ಕೇಳಬಾರದು.

ಟ್ಯೂಬ್ ಸ್ಕ್ರೀಮರನ್ನು ಡಿಸ್ಟಾರ್ಷನ್‌ಗೆ, ಸದ್ದನ್ನು ಒಡೆದು ಒರಟು ಮಾಡುವುದಕ್ಕೆ, ಅಂತ ಎಲ್ಲರೂ ಕೊಳ್ಳುತ್ತಾರೆ. ನನ್ನದು ಐಬಾನೆಜ್‌ನ ಹಸಿರು ಟಿಎಸ್9, 1982ರಲ್ಲಿ ಮೊದಲು ಬಂದ ಮಾದರಿ. ಅದಕ್ಕೂ ಹಿಂದಿನ ಟಿಎಸ್808ರ ಸರ್ಕ್ಯೂಟ್ ಮಾಡಿದ್ದು ಜಪಾನಿನ ಸುಸುಮು ತಮುರಾ. ಆ ಸರ್ಕ್ಯೂಟ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಜಾಸ್ತಿ ಹಿಗ್ಗಿಸುವುದಿಲ್ಲ. ತುದಿಯ ಟ್ರೆಬಲ್ಲನ್ನೂ ಕತ್ತರಿಸುತ್ತದೆ. ನಡುವೆ ಒಂದು ದಿಬ್ಬ ಏಳುತ್ತದೆ. ನಮ್ಮ ಮೈಕ್‌ಸೆಟ್ಟಿನವರು ಕೈಯಲ್ಲಿ ಮಾಡಿದ್ದನ್ನೇ ಇದು ಕಾಲಲ್ಲಿ ಮಾಡಿಕೊಡುತ್ತದೆ. ನಾನು ಒರಟು ಮಾಡುವ ಡ್ರೈವ್ ಗುಂಡಿಯನ್ನು ಹೆಚ್ಚುಕಡಿಮೆ ಸೊನ್ನೆಗೆ ಇಟ್ಟು, ಸದ್ದಿನ ಲೆವೆಲ್ ಗುಂಡಿಯನ್ನು ಏರಿಸಿ ಇಡುತ್ತೇನೆ. ಹಾಡಿನ ನಡುವೆ ಗಿಟಾರ್ ಬಿಜಿಎಂ ಬಂದಾಗ ಒತ್ತಿದರೆ ಸಾಕು. ಕೀಬೋರ್ಡ್‌ನವರು ಪಿಟೀಲು ಗುಂಪಿನ ಸದ್ದಿನ ಸ್ಟ್ರಿಂಗ್ಸ್ ಎಷ್ಟೇ ಹಾಕಿರಲಿ, ಗಿಟಾರ್ ಅದರ ಮೇಲೆ ಎದ್ದು ಕೂರುತ್ತದೆ. ಬಿಜಿಎಂ ಮುಗಿದ ಕೂಡಲೇ ಮತ್ತೆ ಒತ್ತಿ ಆಫ್. ಆಫ್ ಮಾಡುವುದು ಆನ್ ಮಾಡುವುದಕ್ಕಿಂತ ಮುಖ್ಯ, ಯಾಕಂದರೆ ಮುಂದಿನ ಮಾತ್ರೆಯಲ್ಲೇ ಚರಣದ ಮೊದಲ ಪದ ಇರುತ್ತದೆ.

ಕೋರಸ್ ನನಗೆ ಇಷ್ಟದ ಪೆಡಲ್. 1975ರಲ್ಲಿ ರೋಲ್ಯಾಂಡ್‌ನವರು ಜೆಸಿ-120 ಅನ್ನುವ ಆಂಪ್ ತಂದರು, ಎರಡು ಹನ್ನೆರಡಿಂಚಿನ ಸ್ಪೀಕರ್, ಒಳಗೇ ಕೋರಸ್. ಮರುವರ್ಷ ಆ ಕೋರಸ್ಸನ್ನು ಮಾತ್ರ ತೆಗೆದು ಸಿಇ-1 ಅನ್ನುವ ಪೆಡಲ್ ಮಾಡಿದರು. ಆ ಕಾಲದ ಕೋರಸ್ ಒಳಗೆ ಕಂಪ್ಯೂಟರ್ ಇರಲಿಲ್ಲ. ಒಂದು ಚಿಪ್ಪಿನಲ್ಲಿ ನೂರಾರು ಸಣ್ಣ ಕೆಪ್ಯಾಸಿಟರ್ ಸಾಲಾಗಿ ಇರುತ್ತವೆ. ಸದ್ದಿನ ಒಂದೊಂದು ತುಣುಕೂ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ, ಜಾತ್ರೆಯಲ್ಲಿ ಬಾವಿಯಿಂದ ಅಡುಗೆ ಮನೆ ತನಕ ಸಾಲಾಗಿ ನಿಂತವರು ನೀರಿನ ಕೊಡ ಕೈಯಿಂದ ಕೈಗೆ ದಾಟಿಸುವ ಹಾಗೆ. ಆ ತುದಿಗೆ ಹೋಗುವಷ್ಟರಲ್ಲಿ ಕೆಲವು ಮಿಲಿಸೆಕೆಂಡ್ ತಡ ಆಗಿರುತ್ತದೆ. ದಾಟಿಸುವ ವೇಗ ಏರಿಳಿದ ಹಾಗೆ ಶ್ರುತಿಯೂ ಕೂದಲೆಳೆಯಷ್ಟು ಏರಿಳಿಯುತ್ತದೆ. ಅದನ್ನು ಮೂಲ ಸದ್ದಿನ ಜೊತೆ ಸೇರಿಸಿದರೆ ಎರಡು ಗಿಟಾರ್ ಒಟ್ಟಿಗೆ ನುಡಿಸಿದ ಭಾವ. 80ರ ದಶಕದ ಸಿನಿಮಾ ಹಾಡುಗಳಲ್ಲಿ ಕಾರ್ಡನ್ನು ಬಿಡಿಸಿ ನುಡಿಸುವ ಜಾಗಗಳಿಗೆ ಇದು ಬೇಕೇ ಬೇಕು. ಆದರೆ ಇದನ್ನು ಇಡೀ ಹಾಡಿಗೆ ಹಾಕಿ ಬಿಟ್ಟರೆ ಗಿಟಾರ್ ಅಂಚು ಕಳೆದುಕೊಂಡು ಕೀಬೋರ್ಡಿನ ಉದ್ದ ಎಳೆದ ಸ್ವರಗಳ ಒಳಗೆ ಕರಗಿ ಹೋಗುತ್ತದೆ. ಗಾಯಕಿ ಒಬ್ಬರೇ ಹಾಡುವ ಮೊದಲ ಸಾಲಿಗೆ, ಕೀಬೋರ್ಡ್ ಇನ್ನೂ ಒಳಗೆ ಬಂದಿಲ್ಲದ ಆ ಸಾಲಿಗೆ ಮಾತ್ರ ನಾನು ಕೋರಸ್ ಹಾಕುವುದು.

ನುಡಿಸಿದ್ದನ್ನೇ ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಡಿಲೇ ಲೆಕ್ಕ ಕೇಳುತ್ತದೆ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತ ಅಂದರೆ 500 ಮಿಲಿಸೆಕೆಂಡ್, ಮುಕ್ಕಾಲು ಬಡಿತ 375. ಈ ಲೆಕ್ಕ ತಪ್ಪಿದರೆ ಮರುದನಿ ಡೋಲಕ್ಕಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಕಲ್ಯಾಣ ಮಂಟಪಗಳಲ್ಲಿ ನಾನು ಡಿಲೇ ಮುಟ್ಟುವುದೇ ಇಲ್ಲ. ಗ್ರಾನೈಟ್ ನೆಲ, ಬರೀ ಗೋಡೆ, ಎತ್ತರದ ಸೂರು. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಹದಿನೇಳು ಮೀಟರ್ ಆಚೆಯ ಗೋಡೆಗೆ ಬಡಿದು ವಾಪಸ್ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ. ಅಂದರೆ ಆ ಕಟ್ಟಡವೇ 100 ಮಿಲಿಸೆಕೆಂಡಿನ ಡಿಲೇ ಹಾಕಿಟ್ಟಿದೆ, ಅದನ್ನು ಆಫ್ ಮಾಡಲು ನನಗೆ ಸ್ವಿಚ್ ಇಲ್ಲ. ಬಯಲಿನಲ್ಲಿ, ಶಾಮಿಯಾನದ ಕೆಳಗೆ ಡಿಲೇ ಅರಳುತ್ತದೆ. ನವೆಂಬರಿನ ರಾಜ್ಯೋತ್ಸವದ ಕಾರ್ಯಕ್ರಮಗಳು ಬಹುಪಾಲು ಬಯಲಿನಲ್ಲೇ ಆಗುವುದರಿಂದ ಆ ತಿಂಗಳು ಅದಕ್ಕೆ ಕೈತುಂಬ ಕೆಲಸ.

ಮೈಕ್‌ಗೆ ತುಟಿ ಇಡುವ ಮೊದಲು

ಸಾಮಾನಿನ ಪಟ್ಟಿ ಮಾಡುವಾಗ ಯಾರೂ ಹೇಳದ ಒಂದು ವಸ್ತು ನನ್ನ ಬ್ಯಾಗಿನ ಮುಂದಿನ ಜೇಬಿನಲ್ಲಿದೆ. ಕರೆಂಟ್ ಟೆಸ್ಟರ್, ಸ್ಕ್ರೂಡ್ರೈವರ್ ಥರದ್ದು. ಇದನ್ನು ಇಟ್ಟುಕೊಳ್ಳಲು ಹೇಳಿಕೊಟ್ಟವರು ನಮ್ಮ ತಂಡದ ಕೀಬೋರ್ಡ್ ಮೇಷ್ಟ್ರು.

ಹಾಸನದ ಹತ್ತಿರ ಒಂದು ಛತ್ರ. ರಿಸೆಪ್ಷನ್. ನಾನು ಒಂದು ಹಾಡಿಗೆ ಹಿಂದಿನಿಂದ ದನಿ ಸೇರಿಸಬೇಕಿತ್ತು, ಗಿಟಾರ್ ಹಾಕಿಕೊಂಡು ಮೈಕ್ ಹತ್ತಿರ ಹೋದೆ. "ತಡಿಯಪ್ಪ, ಬಾಯಿ ಇಡಬೇಡ" ಅಂತ ಹಿಂದಿನಿಂದ ಮೇಷ್ಟ್ರು ಕೂಗಿದರು. ಬಂದವರೇ ನನ್ನ ಗಿಟಾರಿನ ಕತ್ತನ್ನು ಮರದ ಹಿಂಭಾಗದಲ್ಲಿ ಮಾತ್ರ ಹಿಡಿದು, ತಂತಿಯನ್ನು ಮೈಕಿನ ಜಾಲರಿಗೆ ಮೆಲ್ಲಗೆ ತಾಗಿಸಿದರು. ಚಿಟ್ ಅಂತ ಒಂದು ನೀಲಿ ಕಿಡಿ. ಸ್ಪೀಕರಿನಲ್ಲಿ ಡಬ್ ಅಂತ ಸದ್ದು. ಟೆಸ್ಟರ್ ತೆಗೆದು ಗಿಟಾರಿನ ಕುದುರೆಗೆ ಇಟ್ಟರು, ದೀಪ ಹತ್ತಿತು. "ನೋಡು" ಅಂದರು ಅಷ್ಟೇ. ನನ್ನ ಆಂಪ್ ಚುಚ್ಚಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗಿಗೆ ಅರ್ಥ್‌ನ ದಪ್ಪ ಪಿನ್ನೇ ಇರಲಿಲ್ಲ, ಯಾರೋ ಮುರಿದು ಎರಡು ಪಿನ್ನಿನಲ್ಲೇ ಚುಚ್ಚಿದ್ದರು. ಗಿಟಾರಿನ ತಂತಿ ಕುದುರೆಯ ಮೂಲಕ ಆಂಪಿನ ಲೋಹದ ಮೈಗೆ ಸೇರಿರುತ್ತದೆ. ಆ ಮೈ ಅರ್ಥ್‌ಗೆ ಸೇರಿರಬೇಕು. ಸೇರಿಲ್ಲದಿದ್ದರೆ ಒಳಗೆ ಸೋರುವ ಕರೆಂಟ್ ತಂತಿ ತನಕ ಬಂದು ಕಾಯುತ್ತಿರುತ್ತದೆ. ಮೈಕ್ ಇನ್ನೊಂದು ಕಡೆಯಿಂದ ಅರ್ಥ್ ಆಗಿರುತ್ತದೆ. ಎಡಗೈ ತಂತಿ ಮೇಲೆ, ತುಟಿ ಮೈಕ್ ಮೇಲೆ, ನಡುವೆ ನಾವು. ಮೇಷ್ಟ್ರು ಅಲ್ಲಿಂದ ಕದಲಲಿಲ್ಲ. ಎಲೆಕ್ಟ್ರಿಷಿಯನ್ ಬಂದು, ಜನರೇಟರ್ ಪಕ್ಕ ಕಬ್ಬಿಣದ ಸರಳು ಹೊಡೆದು, ಒಂದು ಬಿಂದಿಗೆ ನೀರು ಸುರಿದು, ವೇದಿಕೆಯ ಎಲ್ಲ ಸಾಮಾನೂ ಒಂದೇ ಬೋರ್ಡಿನಿಂದ ಬರುವ ಹಾಗೆ ಮಾಡುವ ತನಕ ಕಾರ್ಯಕ್ರಮ ಶುರು ಮಾಡಲು ಬಿಡಲಿಲ್ಲ. ಮದುವೆ ಮನೆಯವರು ಬಂದು ಎರಡು ಸಲ ಅವಸರ ಮಾಡಿದರು. "ಸ್ವಾಮಿ, ಹುಡುಗರ ಜೀವ" ಅಂದರು ಮೇಷ್ಟ್ರು. ಆಮೇಲೆ ಅವರೂ ಸುಮ್ಮನಾದರು.

ಇದು ಸುಮ್ನೆ ಹೆದರಿಕೆಯ ಮಾತಲ್ಲ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ, ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇದಿಕೆ ಮೇಲೆ ಮೈಕ್ ಮುಟ್ಟಿ ಪ್ರಾಣ ಬಿಟ್ಟರು. ಕಾರಣ ಇದೇ, ಸರಿಯಿಲ್ಲದ ಅರ್ಥಿಂಗ್. ಗುಂಯ್ ಸದ್ದು ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರು, ಟೇಪ್ ಸುತ್ತುವವರು ಈಗಲೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಆಂಪಿನಿಂದ ಮಿಕ್ಸರಿಗೆ ಹೋಗುವ ದಾರಿಯಲ್ಲಿ ಒಂದು ಡಿಐ ಬಾಕ್ಸ್, ವಾದ್ಯದ ಸದ್ದನ್ನು ಮಿಕ್ಸರಿಗೆ ಒಗ್ಗಿಸುವ ಸಣ್ಣ ಪೆಟ್ಟಿಗೆ, ಇಡಿ. ಅದರಲ್ಲಿ ಗ್ರೌಂಡ್ ಲಿಫ್ಟ್ ಅನ್ನುವ ಸ್ವಿಚ್ ಇರುತ್ತದೆ. ಅದು ಸದ್ದಿನ ಕೇಬಲ್ಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೇ ಇರುತ್ತದೆ. ಗುಂಯ್ ಬಹಳ ಸಲ ಅಷ್ಟಕ್ಕೇ ನಿಂತುಹೋಗುತ್ತದೆ. ಪೆಡಲ್‌ಗಳ ವಿಷಯದಲ್ಲೂ ಅಷ್ಟೇ. ಎಲ್ಲವೂ 9 ವೋಲ್ಟ್, ನಡುವಿನ ಪಿನ್ ಮೈನಸ್. ಒಂದೇ ಅಡಾಪ್ಟರಿನಿಂದ ಸರಪಳಿ ಹಾಕಿ ನಾಲ್ಕಕ್ಕೂ ಕೊಟ್ಟರೆ ಡಿಜಿಟಲ್ ಡಿಲೇಯ ಕಿರಿಕಿರಿ ಉಳಿದವಕ್ಕೂ ಹತ್ತುತ್ತದೆ. ಹೊಸ ಪೆಡಲ್ ಮೇಲೆ ಆಸೆ ಇರುವ ಹುಡುಗರಿಗೆ ನಾನು ಮೊದಲು ಬೇರೆ ಬೇರೆ ಔಟ್‌ಪುಟ್ ಇರುವ ಪವರ್ ಸಪ್ಲೈ ಕೊಳ್ಳಿ ಅನ್ನುತ್ತೇನೆ. ಅದರಲ್ಲಿ ನೋಡುವ ಚೆಂದ ಏನೂ ಇಲ್ಲ, ಆದರೆ ಸದ್ದು ಶುದ್ಧ ಆಗುತ್ತದೆ.

ಅರ್ಧ ಮನೆ ಇಳಿಸಿ

ಸುಗಮ ಸಂಗೀತಕ್ಕೆ ಇದ್ಯಾವುದೂ ಬೇಡ. ಯಮಹಾ ಒಂದು, ಡಿಐ ಬಾಕ್ಸ್ ಒಂದು, ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯಲು ಕತ್ತಿಗೆ ಹಾಕುವ ಕ್ಲಿಪ್ ಕೇಪೋ ಒಂದು. ಗಾಯಕಿಯ ಶ್ರುತಿ ಐದೂವರೆ ಮನೆ, ಅಂದರೆ ಜಿ ಶಾರ್ಪ್, ಅಂತ ಹಿಂದಿನ ದಿನ ಹೇಳಿರುತ್ತಾರೆ. ವೇದಿಕೆ ಹತ್ತುವಾಗ "ಗಂಟಲು ಸರಿ ಇಲ್ಲ ಕಣೋ, ಅರ್ಧ ಮನೆ ಇಳಿಸೋಣ" ಅನ್ನುತ್ತಾರೆ. ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಒತ್ತಿ ಮುಗಿಸುತ್ತಾರೆ. ತಬಲದವರು ಸುತ್ತಿಗೆ ತೆಗೆದು, ಪಕ್ಕದ ಮರದ ಗಟ್ಟಾಗಳನ್ನು ಮೇಲಕ್ಕೆ ತಟ್ಟಿ ಶ್ರುತಿ ಇಳಿಸಲು ಶುರು ಮಾಡುತ್ತಾರೆ. ನಾನು ಮೊದಲೇ ಮೊದಲ ಫ್ರೆಟ್ಟಿಗೆ ಕೇಪೋ ಹಾಕಿ ಜಿ ಆಕಾರದಲ್ಲಿ ಅಭ್ಯಾಸ ಮಾಡಿರುತ್ತೇನೆ. ಇಳಿಸಿ ಅಂದರೆ ಕೇಪೋ ತೆಗೆಯುತ್ತೇನೆ, ಬೆರಳು ಅಲ್ಲೇ ಇರುತ್ತವೆ. ಏರಿಸಿ ಅಂದರೆ ಒಂದು ಫ್ರೆಟ್ ಮುಂದೆ. ಬಿಟ್ಟ ತಂತಿಯ ಗುಂಗು ಹಾಗೇ ಉಳಿಯುತ್ತದೆ, ಭಾವಗೀತೆಗೆ ಆ ಗುಂಗು ಬೇಕು.

ಅಕೌಸ್ಟಿಕ್‌ನ ಕಷ್ಟ ಬೇರೆ. ಕುದುರೆಯ ಕೆಳಗೆ ಒಂದು ಪೀಜೊ ಪಟ್ಟಿ ಇರುತ್ತದೆ, ಪೆಟ್ಟಿಗೆಯ ನಡುಕವನ್ನು ಅದು ಹಿಡಿಯುತ್ತದೆ. ಕಾಲ ಬಳಿ ನಮಗೇ ಕೇಳಲು ಇಟ್ಟ ಮಾನಿಟರ್ ಸ್ಪೀಕರಿನ ಸದ್ದಿಗೆ ಪೆಟ್ಟಿಗೆ ಮತ್ತೆ ನಡುಗಿ, ಅದೇ ಮತ್ತೆ ಮಾನಿಟರಿಗೆ ಹೋಗಿ, ಹೂಂ ಅಂತ ಊಳಿಡಲು ಶುರು. ಪೆಟ್ಟಿಗೆಯ ತೂತಿಗೆ ರಬ್ಬರ್ ಮುಚ್ಚಳ ಹಾಕುತ್ತೇನೆ. ಮಿಕ್ಸರಿನಲ್ಲಿ ಲೋ ಕಟ್ ಒತ್ತಿಸುತ್ತೇನೆ. ಇಲ್ಲೂ ಕೊನೆಗೆ ಬೇಸ್ ತೆಗೆಯುವುದೇ.

ಗಾಯಕರ ಮಾತಿನ ವಿಚಾರ ಆಮೇಲೆ ಅಂದಿದ್ದೆ. ಸಾವಿರದಿಂದ ಮೂರು ಸಾವಿರ ಹರ್ಟ್ಸ್ ನಡುವೆ ಪದಗಳು ಸ್ಪಷ್ಟ ಆಗುತ್ತವೆ. ಗಿಟಾರಿನ ಮೀಟೂ ಅಲ್ಲೇ ಇದೆ. ಈ ಜಗಳವನ್ನು ಯಾವ ಗುಂಡಿಯೂ ಬಿಡಿಸುವುದಿಲ್ಲ, ಕೈಯೇ ಬಿಡಿಸಬೇಕು. ಸಾಲು ಹಾಡುವಾಗ ಸುಮ್ಮನೆ ಒಂದು ಕಾರ್ಡ್ ಹಿಡಿದು ಬಿಡುತ್ತೇನೆ. ಸಾಲು ಮುಗಿದು ಉಸಿರು ತಗೊಳ್ಳುವ ಜಾಗದಲ್ಲಿ ಎರಡು ಮೂರು ಸ್ವರ. ಅಷ್ಟರಲ್ಲಿ ಮುಂದಿನ ಸಾಲು ಬರುತ್ತದೆ. ಕವಿ ಬರೆದ ಪದ ಹಿಂದಿನ ಸಾಲಿನಲ್ಲಿ ಕೂತವರಿಗೆ ಕೇಳದೇ ಹೋದರೆ ನನ್ನ ಆ ಮೂರು ಸ್ವರಕ್ಕೆ ಏನು ಬೆಲೆ?

ಲೆಸ್ ಪಾಲ್‌ಗೆ ಸಿಕ್ಕ ಜಾಗ

ಮನೆಯಲ್ಲೇ ಉಳಿದದ್ದು ಲೆಸ್ ಪಾಲ್ ಮಾದರಿಯದ್ದು. ನಾಲ್ಕು ಕಿಲೊ ತೂಕ, ಎರಡು ಹಂಬಕರ್, ಅಂಟಿಸಿದ ಕತ್ತು. ಒಂಟಿಯಾಗಿ ನುಡಿಸಿದರೆ ಮೂರರಲ್ಲಿ ಎಲ್ಲಕ್ಕಿಂತ ಚೆಂದ ಅದೇ. ಕಳೆದ ವರ್ಷ ನಮ್ಮ ಬೀದಿಯ ಇಂಜಿನಿಯರಿಂಗ್ ಓದುವ ಹುಡುಗ ಬಂದು ಕೇಳಿದ, "ಅಣ್ಣಾ, ಕಾಲೇಜ್ ಫೆಸ್ಟ್ ಇದೆ, ಆ ಕಪ್ಪು ಗಿಟಾರ್ ಒಂದು ದಿನಕ್ಕೆ ಕೊಡ್ತೀರಾ?" ಕೊಟ್ಟೆ, ಜೊತೆಗೆ ನಾನೂ ಹೋದೆ. ಅವರದ್ದು ಮೂರೇ ಜನರ ತಂಡ. ಡ್ರಮ್ಸ್, ಬೇಸ್, ಇವನ ಗಿಟಾರ್. ಕೀಬೋರ್ಡ್ ಇಲ್ಲ, ಪ್ಯಾಡ್ ಇಲ್ಲ. ಹಾಡುವುದೂ ಇವನೇ. ಸೌಂಡ್ ಚೆಕ್‌ನಲ್ಲಿ ಅವನು ಆರೂ ತಂತಿ ಎಳೆದು ಮೊದಲ ಕಾರ್ಡ್ ಬಾರಿಸಿದಾಗ ನನ್ನ ಎದೆಗೆ ತಾಗಿತು. ಆ ತಂಡದ ನಡುವೆ ಅಷ್ಟು ದೊಡ್ಡ ಜಾಗ ಖಾಲಿ ಇತ್ತು, ಆ ಗಿಟಾರ್ ಅದನ್ನು ಪೂರ್ತಿ ತುಂಬಿತು. ನಮ್ಮ ತಂಡದಲ್ಲಿ ಮುಳುಗಿ ಹೋಗುತ್ತಿದ್ದ ಅದೇ ದಪ್ಪ ಸದ್ದು. ಅವನು ಬೇಸ್ ಗುಂಡಿಯನ್ನು ಇನ್ನೂ ಏರಿಸಿದ. ನಾನು ತಡೆಯಲಿಲ್ಲ, ಅಲ್ಲಿ ಅದು ಸರಿಯಾಗಿಯೇ ಇತ್ತು.

ಈಗ ಅವನು ಅದನ್ನು ಕೊಂಡುಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಮನೆಯಲ್ಲಿ ಒಟ್ಟಿಗೆ ದುಡ್ಡು ಕೇಳಲು ಆಗುವುದಿಲ್ಲವಂತೆ. ತಿಂಗಳಿಗೆ ಇಷ್ಟು ಅಂತ ಕೊಡು ಅಂದಿದ್ದೇನೆ. ಕೊಡುವ ಮೊದಲು ಹೊಸ ತಂತಿ ಹಾಕಿಸಿ, ಟ್ರಸ್ ರಾಡ್ ನೋಡಿಸಿ, ಕರಕರ ಅನ್ನುವ ವಾಲ್ಯೂಮ್ ಗುಂಡಿಯನ್ನು ಬದಲಾಯಿಸಬೇಕು. ಅವನಿಗೆ ಒಂದು ಟೆಸ್ಟರನ್ನೂ ಕೊಡಬೇಕು. ಬರುವ ದುಡ್ಡಿನಲ್ಲಿ ನನಗೆ ಎರಡನೇ ಡಿಐ ಬಾಕ್ಸ್ ತಗೊಳ್ಳುವ ಯೋಚನೆ ಇದೆ, ಮೇಷ್ಟ್ರ ಕೀಬೋರ್ಡಿಗೆ. ಅವರ ಬಾಕ್ಸ್ ಹಳೆಯದಾಗಿದೆ, ಹೊಸದು ಕೊಳ್ಳಿ ಅಂದರೆ ಕೇಳುವುದಿಲ್ಲ.